ಇಪ್ಪತ್ತನೆಯ ಕಾರ್ಡು

ಮಾರ್ಚ್ 3, ಸೋಮವಾರ

ಆಫೀಸಿನಿಂದ ಬಂದು ಮತ್ತೆ ಕಾರ್ಡುಗಳು, ಸಾಮಾನಿಗೊಂದು. ಹತ್ತೊಂಬತ್ತು ಮುಗಿದವು. ಹೆಸರು, ಉಪಯೋಗ, ಬಳಸಿದವರು. ಎಲ್ಲದರಲ್ಲೂ ತೀರಿಹೋದ ಅಪ್ಪನ ಹೆಸರೇ. ಶುಕ್ರವಾರ ತರಬೇತಿ ಶಾಲೆಯವರು ಬಂದು ಅಪ್ಪನ ಚರ್ಮದ ಕೆಲಸದ ಸಾಮಾನು ಒಯ್ದು ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ. ಉಳಿದಿರುವುದು ಒಂದೇ — ಗೇಣುದ್ದದ ಮರದ ಹಿಡಿ, ತುದಿಗೆ ಹಲ್ಲಿರುವ ಪುಟ್ಟ ಚಕ್ರ. ಏನಿದು? ಅಪ್ಪ ಇದ್ದಿದ್ದರೆ ಕೇಳಬಹುದಿತ್ತು. ಸಾಕಾಗಿದೆ.

ಮಾರ್ಚ್ 4

ಅಣ್ಣನಿಗೆ ಫೋಟೊ ಕಳಿಸಿದೆ. "ಟೈಲರ್ ಸಾಮಾನಿರ್ಬೇಕು ಕಣೇ. ಏನೋ ಒಂದು ಬರೆದು ಕೈ ತೊಳ್ಕೊ." ಹಾರ್ಡ್‌ವೇರ್ ಅಂಗಡಿಯವನು ಹಿಟ್ಟು ಕತ್ತರಿಸೋದು ಎಂದ. ಅವನ ತಲೆ. ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಊಟಕ್ಕೆ ಎರಡು ಸಲ ಕರೆದಳು. ಹೋಗಲಿಲ್ಲ.

ಮಾರ್ಚ್ 6, ಸಂಜೆ

ಅಪ್ಪನ ಜೊತೆ ದುಡಿದ ಹಳೇ ಮೇಸ್ತ್ರಿಯ ಮನೆಗೆ ಹೋದೆ. ಎರಡು ಬಸ್ಸು, ಮೂರು ಮಹಡಿ. ಕಾಲು ಬಿದ್ದುಹೋದವು. ನೋಡಿದ ಕೂಡಲೇ ಹೇಳಿದರು: "ಹೊಲಿಗೆ ಗುರುತಿನ ಚಕ್ರ. ಚರ್ಮದ ಮೇಲೆ ಉರುಳಿಸಿದ್ರೆ ಚುಕ್ಕಿ ಬೀಳತ್ತೆ. ಚುಕ್ಕಿಗೊಂದು ಹೊಲಿಗೆ." ಆಮೇಲೆ ಹಿಡಿಯಲ್ಲಿ ಹೆಬ್ಬೆರಳು ಸವೆಸಿದ ಜಾಗ ತಡವಿದರು. "ಇದು ನಿಮ್ಮಪ್ಪನ ಕೈ ಅಲ್ಲಮ್ಮ. ಎಡಗೈಯವರದು."

ಬಸ್ಸಿನಲ್ಲಿ ಹೊಳೆಯಿತು. ಅಮ್ಮ ಬೀನ್ಸ್ ಹೆಚ್ಚುವಾಗ ಚಾಕು ಯಾವ ಕೈಯಲ್ಲಿತ್ತು? ನಾಚಿಕೆಯಾಯಿತು.

ಅದೇ ದಿನ, ಊಟವಾದ ಮೇಲೆ

ಅಮ್ಮ ಅದನ್ನು ಎಡಗೈಗೆ ತೆಗೆದುಕೊಂಡು ಹಳೇ ಪೇಪರಿನ ಮೇಲೆ ಉರುಳಿಸಿದಳು. ಚುಕ್ಕಿಗಳು ನೂಲು ಹಿಡಿದ ಹಾಗೆ ನೇರ.

"ಅವರಿಗೆ ಕೈ ನಡುಗೋಕೆ ಶುರುವಾಯ್ತಲ್ಲ, ಆಮೇಲೆ ಗುರುತು, ಹೊಲಿಗೆ ಎಲ್ಲಾ ನಂದೇ. ಹನ್ನೆರಡು ವರ್ಷ."

"ಮೊದಲೇ ಹೇಳಬಾರದಾ?"

"ಯಾರು ಕೇಳಿದ್ರಿ?"

ಎಲ್ಲರೂ ಹೊಗಳಿದ್ದು ಅಪ್ಪನ ಹೊಲಿಗೆಯನ್ನು. ಅಮ್ಮ ಅಪ್ಪನ ಅಂಗಡಿಗೆ ಹೋಗುವುದು ಊಟ ಕೊಡಲು ಎಂದೇ ನಾವು ತಿಳಿದಿದ್ದೆವು.

"ಬರೀಬೇಡ. ಅವರ ಹೆಸರಲ್ಲೇ ಇರ್ಲಿ" ಎಂದಳು.

ಮಾರ್ಚ್ 7, ಬೆಳಿಗ್ಗೆ 8

ರಾತ್ರಿ ಅಣ್ಣನಿಗೆ ಎಲ್ಲಾ ಮೆಸೇಜ್ ಮಾಡಿದ್ದೆ. ಈಗ ಅವನ ಫೋನು. "ಅಪ್ಪನ ಮರ್ಯಾದೆ ತೆಗೀತೀಯಾ? ಅಮ್ಮನೇ ಬೇಡ ಅಂದಿದಾಳೆ." ಇಟ್ಟುಬಿಟ್ಟೆ.

ಕಾಫಿ ಕೊಡಲು ಬಂದ ಅಮ್ಮ, "ಕಾರ್ಡು ಆಯ್ತಾ?" ಎಂದಳು. ಲೋಟ ಒಯ್ಯಲು ಬಂದಾಗ ಮತ್ತೆ ಅದನ್ನೇ. ಮೂರನೇ ಸಲ ನೆಪವಿರಲಿಲ್ಲ, ಸುಮ್ಮನೆ ಬಾಗಿಲಲ್ಲಿ ನಿಂತಳು. ಬೇಡ ಅಂದವಳು ಹೀಗೆ ಕೇಳುತ್ತಾಳಾ?

ಒಂಬತ್ತಕ್ಕೆ ಶಾಲೆಯವರು ಬರುತ್ತಾರೆ. ಬರೆದೆ. ಬಳಸಿದವರು — ಅಮ್ಮನ ಪೂರ್ತಿ ಹೆಸರು.

ಈಗ ಪಕ್ಕದಲ್ಲೇ ಇದ್ದಾಳೆ, ಕನ್ನಡಕ ಹಾಕಿಕೊಂಡು. ಉಳಿದ ಹತ್ತೊಂಬತ್ತನ್ನು ಒಂದೊಂದಾಗಿ ಓದುತ್ತಿದ್ದಾಳೆ. ದಬ್ಬಳದ ಕಾರ್ಡನ್ನು, ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು, ನನ್ನ ಮುಂದಕ್ಕೆ ಸರಿಸಿದಳು. ಆಮೇಲೆ ಸೂಜಿಯದು. ಆಮೇಲೆ—