ಹುಳು ಮನೆಯ ಮೇಲಿನ ಮನೆ

ಹುತ್ತೂರು
೯-೨-೨೦೨೫, ಭಾನುವಾರ

ಶೋಭಾರಾಣಿಗೆ,

ನಿನ್ನ ಹಳೇ ಮನೆಯ ಓನರ್ ಮುನಿಗಂಗಮ್ಮ ಬರೆಯುತ್ತಿರುವುದು. ಹಿರಿಯರು ಕಾಗದದ ತಲೆಯಲ್ಲಿ ಆಶೀರ್ವಾದ ಬರೆಯುವುದು ವಾಡಿಕೆ. ನಾನು ಬರೆದಿಲ್ಲ. ಪೂರ್ತಿ ಓದಿದ ಮೇಲೂ ನಿನಗೆ ಬೇಕೆನಿಸಿದರೆ ಕೇಳು, ಕೊಡುತ್ತೇನೆ.

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತು. ಫೋನಿನಲ್ಲಾದರೆ ನಾನು ಮತ್ತೆ ಜೋರು ಮಾಡಿಬಿಡುತ್ತಿದ್ದೆ. ಕಾಗದ ಬರೆಯಲು ನನಗೆ ಯಾರ ಸಹಾಯವೂ ಬೇಕಿಲ್ಲ, ಎಸ್ಸೆಸ್ಸೆಲ್ಸಿ ಓದಿದವಳು. ಇದನ್ನು ಮೇಲೆ ನಿಮ್ಮ ಪಕ್ಕದ ಮನೆಯಲ್ಲಿರುವ ವೆಂಕಟ್ ನರಸಾಪುರದ ಫ್ಯಾಕ್ಟರಿಯಲ್ಲಿ ನಿನ್ನ ಗಂಡ ಗೋಪಿಯ ಕೈಗೆ ಕೊಡುತ್ತಾನೆ.

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ದೀಪಾವಳಿ ಆದ ವಾರಕ್ಕೆ ನೀನು ಮಗಳನ್ನು ಎತ್ತಿಕೊಂಡು ಕೆಳಗೆ ಬಂದೆ. ಅವಳ ತೋಳಿನ ಮೇಲೆ ಸಾಲಾಗಿ ಕೆಂಪು ಗಂಧೆ ಎದ್ದಿದ್ದವು. ನಾನು ಸೊಳ್ಳೆ ಎಂದೆ. ಮೂರನೇ ದಿನ ನೀನು ಬೆಂಕಿಪೊಟ್ಟಣದಲ್ಲಿ ತಿಗಣೆ ಹಿಡಿದು ತಂದು ನನ್ನ ಮುಂದೆ ತೆರೆದೆ. ನಿಮ್ಮ ಕಂಪನಿ ಬಸ್ಸಿನ ಸೀಟಿನಿಂದ ಬಂದಿರಬೇಕು ಎಂದೆ ನಾನು.

ಔಷಧಿ ಹೊಡೆಸಿ ಎಂದು ನೀನು ಕೇಳಿದೆ. ಕೆಳಗಡೆ ನಮ್ಮ ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಆಗ ಹುಳು ಪೊರೆ ಬಿಡಲು ಸೊಪ್ಪು ಮುಟ್ಟದೆ ತಲೆ ಎತ್ತಿ ಮಲಗಿರುತ್ತದೆ. ಔಷಧಿಯ ವಾಸನೆ ಸೋಕಿದರೂ ಬೆಳೆ ಹೋದಂತೆಯೇ. ಆಗ ನೀನು ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಅಮ್ಮಾ, ನಿಮ್ಮ ಹುಳ ಮಲಗಿದ್ರೆ ನಾವು ಮೇಲೆ ಚೊಂಬು ಕೂಡ ಸದ್ದಾಗ್ದಂಗೆ ಇಡ್ತೀವಿ. ನನ್ನ ಮಗಳು ನೆಟ್ಟಗೆ ಮಲಗಿ ಎರಡು ವಾರ ಆಯ್ತು. ಅದಕ್ಕೇನಂತೀರ?”

ನನ್ನ ಮೆಟ್ಟಿಲ ಮೇಲೆ ನಿಂತು ನನಗೆ ಹಾಗೆ ಯಾರೂ ಹೇಳಿರಲಿಲ್ಲ. ಕೋಪ ಬಂತು. ಮನೆ ವಾಸಕ್ಕೆ ತಕ್ಕ ಹಾಗೆ ಇಡುವುದು ಓನರ್ ಕೆಲಸ ಎಂದು ನೀನು ಅಗ್ರಿಮೆಂಟ್ ಹಿಡಿದು ಬಂದಾಗ, ಇದರಲ್ಲಿ ತಿಗಣೆ ಅಂತ ಎಲ್ಲಿ ಬರೆದಿದೆ ತೋರಿಸೇ ಎಂದು ಅದನ್ನು ಕಿತ್ತುಕೊಂಡೆ. ಗೂಡು ಬಿಡಿಸಿದ ಮೇಲೆ ನೋಡೋಣ ಎಂದಿದ್ದೆ. ಗೂಡು ಬಿಡಿಸಿ ಮಾರ್ಕೆಟ್ಟಿಗೂ ಹಾಕಿಯಾಯಿತು. ಮುಂದಿನ ಮರಿ ತರುವ ತನಕ ಹುಳು ಮನೆ ಹನ್ನೆರಡು ದಿನ ಖಾಲಿ ಇತ್ತು. ಆಗಲೂ ಹೊಡೆಸಲಿಲ್ಲ. ಔಷಧಿಯವನು ಮೆಟ್ಟಿಲು ಹತ್ತುವುದನ್ನು ಊರು ನೋಡಿದರೆ ಮುನಿಗಂಗಮ್ಮನ ಮನೆಯಲ್ಲಿ ತಿಗಣೆ ಎನ್ನುತ್ತಾರಲ್ಲ, ಅದಕ್ಕೆ. ಅದರ ಬದಲು ಮೂರು ಮನೆಯವರ ಎದುರಿಗೆ ನಿನ್ನನ್ನು ಗಲೀಜು ಎಂದೆ, ಖಾಲಿ ಮಾಡಿಸಿದೆ. ಧನುರ್ಮಾಸದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಅದೂ ನನಗೆ ಅಡ್ಡ ಬರಲಿಲ್ಲ.

ದಸರಾದಲ್ಲಿ ಮಗು ನೆಲದ ಮೇಲೆ ಮಲಗುತ್ತದೆಂದು ನಾನು ಮಲಗುವ ಮಂಚವನ್ನೇ ಮೇಲಕ್ಕೆ ಕಳಿಸಿದ್ದೆ. ಅದನ್ನು ನೀನು ಮರೆತಿರಲಾರೆ. ಹೋಗುವಾಗ ಅದನ್ನು ಒರೆಸಿ, ಗೋಡೆಗೆ ಒರಗಿಸಿಟ್ಟು ಹೋದೆ.

ಸಂಕ್ರಾಂತಿ ಕಳೆದು ಮಾಲೂರಿನಿಂದ ಕೋದಂಡರಾಮಪ್ಪನವರು ಫೋನ್ ಮಾಡಿದರು. ಅವರ ಮನೆಗೆ ನೀವು ಬರುವವರಿದ್ದೀರಿ, ಜನ ಹೇಗೆ ಎಂದು ಕೇಳಿದರು. ನಾನು, “ಜನ ಒಳ್ಳೇವ್ರೇ. ಸಾಮಾನ್ ಜೊತೆ ತಿಗಣೆ ಬರ್ತವೆ, ನೋಡ್ಕೊಳಿ” ಎಂದೆ. ಅಷ್ಟೇ ಸಾಕಾಯಿತು. ನೀವು ಮೂವರು ಈಗ ಶ್ರೀನಿವಾಸಪುರದಲ್ಲಿ ಗೋಪಿಯ ಅಣ್ಣನ ಮನೆಯ ಒಂದು ಕೋಣೆಯಲ್ಲಿದ್ದೀರಿ, ಅಲ್ಲಿಂದ ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಬರುತ್ತೀರಿ, ವಾರಗಿತ್ತಿ ನಿನ್ನ ಹಾಸಿಗೆಯನ್ನು ಒಳಗೆ ಬಿಟ್ಟುಕೊಂಡಿಲ್ಲ ಎಂದು ವೆಂಕಟ್ ಹೇಳಿದ. ಇನ್ನೂ ಇಬ್ಬರು ಓನರ್‌ಗಳು ಇದೇ ಮಾತು ಕೇಳಿ ಬೇಡವೆಂದರಂತೆ.

ವೆಂಕಟ್ ನನ್ನ ಹತ್ತಿರ ಬಂದದ್ದು ಅದನ್ನು ಹೇಳಲಿಕ್ಕಲ್ಲ. ಬೆನ್ನು ತೋರಿಸಲು ಬಂದಿದ್ದ. “ಓನರಮ್ಮ, ಶೋಭಕ್ಕ ಖಾಲಿ ಮಾಡಿ ತಿಂಗಳಾಯ್ತು. ತಿಗಣೆ ಮಾತ್ರ ಇನ್ನೂ ಖಾಲಿ ಮಾಡಿಲ್ಲ” ಎಂದ. ನಗುತ್ತಲೇ ಹೇಳಿದ. ನಾನು ನಗಲಿಲ್ಲ.

ಕೋಲಾರದಿಂದ ಔಷಧಿ ಹೊಡೆಯುವ ಗಂಗಾಧರನನ್ನು ಕರೆಸಿದೆ, ಹಗಲಲ್ಲೇ, ಎಲ್ಲರೂ ನೋಡಲಿ ಎಂದು. ಅವನು ಮೇಲಿನ ನಾಲ್ಕೂ ಮನೆಯ ಸ್ವಿಚ್ ಬೋರ್ಡ್ ಬಿಚ್ಚಿ, ಬಾಗಿಲ ಚೌಕಟ್ಟಿನ ಸಂದಿಗೆ ಟಾರ್ಚ್ ಬಿಟ್ಟು ತೋರಿಸಿದ. “ಯಮ್ಮಾ, ಇವು ನಿನ್ನೆ ಮೊನ್ನೆ ಬಂದವಲ್ಲ. ಮೊದಲು ಕಂಡಾಗ್ಲೇ ಕರೆದಿದ್ರೆ ಒಂದು ರೂಮಲ್ಲೇ ಮುಗೀತಿತ್ತು. ಗಲೀಜಿಗೆ ಬರಲ್ಲಮ್ಮ ಇವು. ಇವಕ್ಕೆ ಬೇಕಾಗಿರೋದು ರಕ್ತ, ಕಸ ಅಲ್ಲ” ಎಂದ. ಮೊಟ್ಟೆ ಒಡೆದು ಬರುವವಕ್ಕೆಂದು ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕಂತೆ. ಈ ಸಲ ಹುಳು ತಂದಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮಾಘದಲ್ಲಿ ಹುಳು ಮನೆ ಖಾಲಿ ಇರುವುದು ಇದೇ ಮೊದಲು.

ಬಾಡಿಗೆ ಕರಾರನ್ನೂ ಹೊಸದಾಗಿ ಬರೆಸಿದೆ. ತಿಗಣೆ ಕಂಡರೆ ಬಾಡಿಗೆಯವರು ತಕ್ಷಣ ತಿಳಿಸಬೇಕು, ಔಷಧಿ ಹೊಡೆಸುವುದು ಮನೆಯ ಮಾಲೀಕರ ಜವಾಬ್ದಾರಿ, ಆ ಕಾರಣಕ್ಕೆ ಯಾರನ್ನೂ ಖಾಲಿ ಮಾಡಿಸತಕ್ಕದ್ದಲ್ಲ. ಬರೆಯುವವನು ಪೆನ್ನು ಕೆಳಗಿಟ್ಟು, ಇಂಥದ್ದು ಯಾವ ಓನರೂ ಬರೆಸಲ್ಲಮ್ಮ ಎಂದ. ನೀನು ಬರಿಯಪ್ಪ ಎಂದೆ.

ನಿಮ್ಮ ಮನೆಗೆ ಬೇರೆಯವರನ್ನು ಬಿಟ್ಟಿಲ್ಲ. ವಾಪಸ್ ಬಾ ಎಂದು ಕೇಳುವಷ್ಟು ಮುಖ ನನಗಿಲ್ಲ. ಮಾಲೂರೇ ಬೇಕೆಂದರೆ ಈ ಕಾಗದವನ್ನು ಕೋದಂಡರಾಮಪ್ಪನವರಿಗೆ ತೋರಿಸು. ನಾನು ಅವರಿಗೆ ಹೇಳಿದ್ದು ಸುಳ್ಳು. ನನ್ನ ಮೇಲಿನ ನಾಲ್ಕು ಮನೆಗಳಲ್ಲಿ ನಿನ್ನಷ್ಟು ಅಚ್ಚುಕಟ್ಟಾಗಿ ಇದ್ದವರು ಯಾರೂ ಇಲ್ಲ.

ಮಗುವಿನ ಮೈಗೆ ಕೊಬ್ಬರಿ ಎಣ್ಣೆ ಹಚ್ಚು. ಕೆರೆದುಕೊಳ್ಳಲು ಬಿಡಬೇಡ.

ಇಂತಿ,
ಮುನಿಗಂಗಮ್ಮ

ತಾಜಾ ಕಲಂ: ಇದನ್ನು ಬೇರೆ ಚೀಟಿಯಲ್ಲಿ ಬರೆಯೋಣವೆಂದಿದ್ದೆ. ಬೇರೆ ಚೀಟಿಯಾದರೆ ಮಡಿಸುವಾಗ ಎತ್ತಿಟ್ಟುಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಭಾದ್ರಪದದಲ್ಲೇ ಆ ಮಂಚದಲ್ಲಿ ನನಗೆ ತಿಗಣೆ ಕಚ್ಚುತ್ತಿತ್ತು. ಹುಳು ಇದ್ದದ್ದರಿಂದ ಕೆಳಗೆ ಔಷಧಿ ಹೊಡೆಸಲಾಗಲಿಲ್ಲ. ಕುದಿಯುವ ನೀರು ಸುರಿದು, ಬಣ್ಣ ಬಳಿಸಿ, ಸತ್ತಿರುತ್ತವೆ ಎಂದುಕೊಂಡು ಮೇಲಕ್ಕೆ ಕಳಿಸಿದೆ. ನೀನು ಬೆಂಕಿಪೊಟ್ಟಣ ತೆರೆದ ಕ್ಷಣವೇ ನನಗೆ ಗೊತ್ತಾಯಿತು. ಮೊನ್ನೆ ಮಂಚವನ್ನು ಅಂಗಳದಲ್ಲಿಟ್ಟು ಸುಟ್ಟೆ. ಮಂಚ ಕೊಟ್ಟ ದಿನ ನೀನು ಮಗಳ ಕೈಲೂ ನನ್ನ ಕಾಲು ಮುಟ್ಟಿಸಿದ್ದೆ. ಕೋದಂಡರಾಮಪ್ಪನವರಿಗೆ ಇದನ್ನೂ ಓದಿಸು.