ಏಳು ದಿನ ಒಣಗಬೇಕಾದ ಸ್ಲೈಡು

ಮಾರ್ಚ್ 3, ಸೋಮವಾರ
ಜವೆಗೋಧಿ ಬೇರಿನ ಸ್ಲೈಡುಗಳನ್ನು ನೋಡಿ ಮುಗಿಸಿದೆ. ಹನ್ನೊಂದರಲ್ಲಿ ಸರಿಯಾಗಿರುವುದು ಒಂದೇ — ಮೊನ್ನೆ ಶನಿವಾರ, ಲ್ಯಾಬ್ ಬಿಟ್ಟು ಹೋಗುವ ದಿನ ಶಿವಯೋಗಿ ಮಾಡಿಕೊಟ್ಟದ್ದು. ಬೇರಿನ ತುದಿಯನ್ನು ಅವನಂತೆ ಒತ್ತಲು ನಾಲ್ಕು ವರ್ಷವಾದರೂ ನನಗೆ ಬರಲಿಲ್ಲ. ಹದಿನಾಲ್ಕು ಕ್ರೋಮೊಸೋಮೂ ಬಿಡಿಬಿಡಿಯಾಗಿ ಹರಡಿವೆ. ಏಳು ದಿನ ಒಣಗಬೇಕು, ಆಮೇಲೆ ಬಣ್ಣ. ಒಂದೊಂದರ ಮೇಲೂ ಕಡುಬಣ್ಣದ ಪಟ್ಟೆ, ಅಂದರೆ ಬ್ಯಾಂಡ್, ಮೂಡಬೇಕು. ಆ ಫೋಟೋ ಇಲ್ಲದೆ ನನ್ನ ಥೀಸಿಸ್ ಇಲ್ಲ.

ಕವರ್ ಗ್ಲಾಸಿನ ಮೇಲೆ ಬ್ಲಾಟಿಂಗ್ ಪೇಪರ್ ಇಡದೆ ಬರೀ ಹೆಬ್ಬೆರಳಿನಲ್ಲಿ ಒತ್ತುವುದು ಅವನ ಚಾಳಿ. ಎಷ್ಟು ಬೈದಿದ್ದೇನೋ. ಮೇಲಿನ ಕವರ್ ಗ್ಲಾಸ್ ತೆಗೆದು ಸ್ಲೈಡು ಒಣಗಲು ಇಟ್ಟೆ. ಗ್ಲಾಸ್ ಬಿಸಾಡಬೇಕಿತ್ತು. ಅದರ ಮೇಲೆ ಅವನ ಬೆರಳಚ್ಚಿದೆ... ಹತ್ತಿಯಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಹುಚ್ಚು.

ಮಾರ್ಚ್ 10, ಸೋಮವಾರ
ಏಳು ದಿನ ಆಯಿತು. ಸಂಜೆ ಭದ್ರಾವತಿಯಿಂದ ಅವನ ಫೋನ್. ಅವನ ಅಪ್ಪ ಷಣ್ಮುಖಪ್ಪನವರಿಗೆ ಸ್ಟ್ರೋಕ್ ಆದಾಗಿನಿಂದ ಹಾರ್ಡ್‌ವೇರ್ ಅಂಗಡಿ ಇವನ ತಲೆಗೆ. ಅವನ ಪಿಎಚ್‌ಡಿ ಅಷ್ಟಕ್ಕೇ ನಿಂತಿತು.
"ಬ್ಯಾಂಡ್ ಬಂತಾ?"
"ಇನ್ನೂ ಒಣಗಿಲ್ಲ ಕಣೋ."
ಸುಳ್ಳು. ಬಂತು ಅಂದರೆ ಮತ್ತೆ ಯಾಕೆ ಫೋನ್ ಮಾಡುತ್ತಾನೆ?

ಮಾರ್ಚ್ 24, ಸೋಮವಾರ
ಈ ಸೋಮವಾರವೂ ಅವನ ಫೋನ್, ಅದೇ ಪ್ರಶ್ನೆ. ಅದೇ ಸುಳ್ಳು. "ಈಗ ಮೊಳೆ ತೂಗೋದೇ ನನ್ನ ರಿಸರ್ಚು" ಅಂದ. ನಕ್ಕೆವು. ಫೋನಿಟ್ಟ ಮೇಲೆ ಅವನ ಸ್ಟೂಲ್ ನೋಡುತ್ತಾ ಕೂತೆ. ಬಸ್ಸಿನಲ್ಲಿ ಹೋದರೆ ಒಂದು ಗಂಟೆಯ ದಾರಿ. ಯಾವ ನೆಪದಲ್ಲಿ ಹೋಗಲಿ? ನನಗೆ ಅವನು ಬೇಕು. ಬರೆದೇಬಿಟ್ಟೆ.

ಏಪ್ರಿಲ್ 4, ಶುಕ್ರವಾರ
ಗೈಡ್ ಶಿವಶಂಕರಪ್ಪ ಸರ್ ಬೆಳಗ್ಗೆಯೇ, "ಇವತ್ತು ಆ ಸ್ಲೈಡ್ ಮುಗಿಸ್ಲೇಬೇಕಮ್ಮ" ಅಂದರು. ಬಣ್ಣ ಹಾಕಿದೆ. ತಿಂಗಳು ಮೀರಿ ಒಣಗಿದೆ — ಎಲ್ಲ ಒಂದೇ ನೇರಳೆ. ಒಂದೂ ಪಟ್ಟೆ ಇಲ್ಲ. ಇದ್ದದ್ದು ಒಂದೇ ಸ್ಲೈಡು, ನಾನೇ ಹಾಳು ಮಾಡಿದೆ. ಅಳು ಬಂತು. ಅವನಿಗೆ ಫೋನ್ ಮಾಡಿ, ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ.
"ಏಳು ದಿನಕ್ಕೆ ಒಣಗುತ್ತೆ ಅಂತ ನಂಗೊತ್ತಿಲ್ವೇನೇ ಮಾರಾಯ್ತಿ? ನಿಂಗೆ ಕಲಿಸಿದ್ದೇ ನಾನು."
"ಮತ್ತೆ ಪ್ರತಿ ವಾರ ಯಾಕೆ ಕೇಳ್ತಿದ್ದೆ?"
ಅತ್ತ ಅಂಗಡಿಯಲ್ಲಿ ಯಾರೋ ಗಿರಾಕಿ ಮೊಳೆ ಕೇಳುತ್ತಿದ್ದರು. ಆಮೇಲೆ ಮೆಲ್ಲಗೆ, "ಬೀಜ ನೆನೆಹಾಕು. ಹದಿಮೂರನೇ ತಾರೀಕು ಭಾನುವಾರ, ಅಂಗಡಿ ರಜ. ಬರ್ತೀನಿ."

ಏಪ್ರಿಲ್ 13, ಭಾನುವಾರ, ಬೆಳಗ್ಗೆ 9.40
ಬೇರಿನ ತುದಿಗಳು ಬಾಟಲಿಯಲ್ಲಿ ಸಿದ್ಧ. ಸ್ಲೈಡುಗಳನ್ನು ಎರಡೆರಡು ಸಲ ಒರೆಸಿದೆ. ಲ್ಯಾಬಿನಲ್ಲಿ ನಾನೊಬ್ಬಳೇ. 9.20ಕ್ಕೆ ಮೆಸೇಜ್ — "ಬಸ್ಸು ಮಲವಗೊಪ್ಪ ದಾಟ್ತು, ಇನ್ನೇನು ಬಂದೆ."

ಬ್ಲಾಟಿಂಗ್ ಪೇಪರ್ ಕಟ್ಟನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದೇನೆ. ನಾನು ಬೈದದ್ದು ನೆನಪಾಗಿ ಅವನು ಕೇಳಿದರೆ ಮುಗಿದಿದೆ ಅನ್ನುವುದು. ಇದೊಂದು ಕೊನೆಯ ಸುಳ್ಳು.

ಮೆಟ್ಟಿಲಲ್ಲಿ ಚಪ್ಪಲಿ ಸದ್ದು —