ನೀರೊಳಗಿನ ನಮ್ಮ ಬಾವಿ

ಗೆಳೆಯಾ ಶೇಖರ,

ನೀ ಮೊದಲ ಸಲ ಇಳಕಲ್‌ನಿಂದ ಬಸ್ ಹತ್ತಿ ನಮ್ಮೂರ ಹಿನ್ನೀರಿಗೆ ಬಂದದ್ದು ನೆನಪೈತಿ. ನಿನ್ನ ಮಗ್ಗದಾಗ ಉಳಿದ ರೇಷ್ಮಿ ಎಳಿ, ಕೋಳಿ ಪುಕ್ಕ ಸೇರಿಸಿ ಗಾಳಕ್ಕ ಹುಳದಂಗ ಕಟ್ಟಿದ್ದಿ. "ಎರಿಹುಳ ಬ್ಯಾಡಲೇ, ಮೀನ ಇದನ್ನ ನೊಣ ಅಂತ ತಿಳಿತೈತಿ," ಅಂದಿ. ನಾ ನಕ್ಕೆ. ಸಂಜಿತನಾ ಒಂದೂ ಬೀಳಲಿಲ್ಲ. ಆದ್ರೂ ನೀ ಎದ್ದು ಹೋಗಲಿಲ್ಲ.

ಮುಂದಿನ ವಾರ ನಾನ ನಿನಗ ನೀರಿನ ತಳ ತಿಳಿಸಿ ಹೇಳಿದೆ. ಮುಳುಗಡಿ ಆಗೋಕಿಂತ ಮೊದಲು ಅಲ್ಲೇ ಅಲ್ಲೇನು ನಮ್ಮ ಹೊಲ ಇದ್ದದ್ದು? "ಇದು ಹೊಲದ ಒಡ್ಡು, ಇಲ್ಲಿ ಮೊಣಕಾಲ ನೀರು. ಆಚಿಗೆ ಇಳಿಜಾರು. ಬಿಸಲಿಗೆ ಮೀನ ತಂಪು ಹುಡುಕಿ ಆಳಕ್ಕ ಇಳಿತಾವ, ಸಂಜಿಮುಂದ ಹುಳ ತಿನ್ನಾಕ ಒಡ್ಡಿನ ಮ್ಯಾಲೆ ಬರ್ತಾವ. ಆ ತುದಿಗೆ ನಮ್ಮ ಬಾವಿ. ದೊಡ್ಡ ಮೀನೆಲ್ಲಾ ಅದರ ಬಾಯಾಗ ಇರ್ತಾವ." ನೀ ಒಡ್ಡಿನ ಅಂಚಿಗೆ ಎಸೆದಿ. ನೀರು ಒಡೀತು, ದಾರ ಬಿಗೀತು. ಆಗ ನಿನ್ನ ಮುಖ...

ನೀ ಕಡೀ ಸಲ ಬಂದ ರವಿವಾರ ನಾ ಬದಾಮಿಯೊಳಗ ತಂಗಿ ಮನಿಯಾಗಿದ್ದೆ. ನೀ ಫೋನ್ ಮಾಡಿದಿ. "ಒಬ್ಬನ ಬಂದೇನಿ. ಒಡ್ಡು ಹಿಡದು ನಡೀತೇನಿ."

"ಬಾವಿ ಕಡೆ ಹೋಗಬ್ಯಾಡ. ಅಲ್ಲಿ ಒಡ್ಡು ಕುಸಿದೈತಿ."

"ನೀನ ತೋರಿಸಿದ ದಾರಿ ಅಲ್ಲೇನಲೇ. ಗೊತ್ತೈತಿ ನನಗ."

ಗೊತ್ತಿತ್ತು, ಖರೆ. ಆದ್ರ ದೊಡ್ಡ ಮೀನ ಕಣ್ಣಿಗೆ ಬಿದ್ದರ ಇನ್ನೊಂದು ಹೆಜ್ಜಿ ಇಡದ ಇರಾಕ ಯಾರಿಗಾಗತೈತಿ? ಮೀನ ನಿಲ್ಲೋ ಜಾಗಾನ ಕಾಲು ಜಾರೋ ಜಾಗಾ. ನಾ ಆ ನೀರು ತೋರಿಸದ ಇದ್ದಿದ್ರ ನೀ ಇವತ್ತ...

ನಿನ್ನ ಹೆಂಡತಿ ಮುಂದ ನಿಲ್ಲಾಕ ಭಾಳ ದಿನ ಧೈರ್ಯ ಬರಲಿಲ್ಲ. ಕಡೀಕ ಇಳಕಲ್‌ಗೆ ಹೋದೆ. ಆಕಿ ಅಳಲಿಲ್ಲ, ಬೈಲಿಲ್ಲ. "ಅಣ್ಣಾರ, ಅವರು ಮುಳುಗಿ ಹೋದ ಜಾಗಾ ನನಗ ತೋರಿಸ್ರಿ," ಅಂದ್ಲು. ಮಗಳನ್ನೂ ಕರಕೊಂಡು ಬಂದ್ಲು. ದಂಡಿಮ್ಯಾಲೆ ನಿಂತು ಕೈ ಮಾಡಿ ತೋರಿಸಿದೆ. ಬಾವಿ ಎಲ್ಲಿ ಕಾಣಬೇಕು? ಎಲ್ಲಾ ಒಂದ ಸಮ ನೀರು. "ನನಗ ಕಾಣವಲ್ದು. ಮತ್ತೊಬ್ಬರಿಗೆ ಹೆಂಗ ಕಾಣಬೇಕ್ರಿ?" ಅಂತ ಕೇಳಿದ್ಲು.

ಮರುದಿನ ಮೀನ ಹಿಡಿಯೋರ ತೆಪ್ಪ ತಗೊಂಡು ಹೋಗಿ, ಬಾವಿ ಸುತ್ತ ಬಿದಿರ ಗಳ ನೆಟ್ಟು, ತುದಿಗೆ ಬಿಳಿ ಅರಿವಿ ಕಟ್ಟಿ ಬಂದೆ. ಈಗ ದೂರದಿಂದನ ಕಾಣತೈತಿ.

ನಿನಗ ಗೊತ್ತಿಲ್ಲದ ಮಾತು ಇನ್ನೊಂದೈತಿ. ನಿನ್ನ ಮಗಳು ರವಿವಾರಕ್ಕೊಮ್ಮೆ ತಾಯಿ ಜೋಡಿ ಬರ್ತಾಳ. ದಂಡಿ ಹತ್ರ, ಸೊಂಟಮಟ ನೀರಾಗ, ಈಜು ಕಲಿಸಾಕತ್ತೇನಿ. ಮೊನ್ನೆ ಆಕಿ ನನ್ನ ಕೈ ಬಿಟ್ಟು ತಾಯಿ ನಿಂತಲ್ಲಿತನಾ ಈಜಿ ಹೋದ್ಲು.